ಕೆಂಪುಮೂತಿಯವರು

ನನ್ನಾಕೆ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದಾಗ ನಡೆದ ಸಂಗತಿ ಇದು. ಆಗ ಮನೆಯಲ್ಲಿ ಉಸಿರಾಡುತ್ತಿದ್ದ ಜೀವಗಳೆಂದರೆ ನಾನು, ನಮ್ಮ ಮಗಳು, ಅವಳ ಹೊಟ್ಟೆಯಲ್ಲಿದ್ದ ಎಂಟು ತಿಂಗಳ ಕೂಸು, ಮತ್ತು ನನ್ನಾಕೆ ಬಿಟ್ಟುಹೋದ ಹದಿನಾಲ್ಕು ಮೀನುಗಳು.

ಮೀನುಗಳು ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಮೈ ಬೆಳ್ಳಿ, ಬಾಲಕ್ಕೆ ಕಪ್ಪುಬಿಳಿ ಪಟ್ಟೆ, ಮುಖ ಮಾತ್ರ ಕೆಂಪು ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ. ಅಂಗಡಿಯಲ್ಲಿ ಅವಕ್ಕೆ ಏನೋ ಇಂಗ್ಲಿಷ್ ಹೆಸರಿದೆ. ನಮ್ಮ ಮನೆಯಲ್ಲಿ ಅವರು ಕೆಂಪುಮೂತಿಯವರು. ಯಾರನ್ನೂ ಕಚ್ಚುವವರಲ್ಲ, ಇನ್ನೊಬ್ಬರ ಪಾಲಿಗೆ ಬಾಯಿ ಹಾಕುವವರಲ್ಲ. ಒಬ್ಬ ಎಡಕ್ಕೆ ತಿರುಗಿದರೆ ಹದಿನಾಲ್ಕು ಮಂದಿಯೂ ಎಡಕ್ಕೆ ತಿರುಗುತ್ತಿದ್ದರು. "ನಿಮ್ಮ ಅಣ್ಣತಮ್ಮಂದಿರಿಗಿಂತ ವಾಸಿ" ಎಂದು ನನ್ನಾಕೆ ನನ್ನನ್ನು ಚುಚ್ಚುತ್ತಿದ್ದಳು.

ಅವುಗಳ ಆರೈಕೆಯನ್ನು ಅವಳು ಒಂದು ರಟ್ಟಿನ ಮೇಲೆ ಬರೆದು ಗಾಜಿನ ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದ್ದಳು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದು ಹಾಕಬೇಕು. ಹೊಸ ನೀರನ್ನು ನಲ್ಲಿಯಿಂದ ಹಿಡಿದು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟಿರಬೇಕು. ಊಟ ಒಂದು ಚಿಟಿಕೆ, ಬೆರಳಲ್ಲಿ ಪುಡಿ ಮಾಡಿ. ನೀರು ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಕೊನೆಯ ಸಾಲು ಹೀಗಿತ್ತು: ಮೂತಿ ಬಿಳಿಚಿದರೆ ಏನೋ ಸರಿಯಿಲ್ಲ ಎಂದು ತಿಳಿಯುವುದು.

ಆ ಕೊನೆಯ ಸಾಲನ್ನು ನಾನು ತಪ್ಪಾಗಿ ಓದಿಕೊಂಡೆ.

ಅದಕ್ಕೆ ಕಾರಣವಿತ್ತು. ನನ್ನಾಕೆ ಎದೆಯಲ್ಲಿದ್ದ ಗಂಟನ್ನು ನಮಗೆ ಹೇಳದೆ ಒಂದು ವರ್ಷ ಮುಚ್ಚಿಟ್ಟುಕೊಂಡಿದ್ದಳು. ಕೊನೆಗೆ ಆಸ್ಪತ್ರೆ ಸೇರಿದ ಮೇಲೆ ಉಳಿದದ್ದು ಹದಿನಾರು ದಿನ. ನಾನು ಮನೆಗೆ ಬರುತ್ತಿದ್ದದ್ದು ಸ್ನಾನ ಮಾಡಿ ಬಟ್ಟೆ ಬದಲಿಸಲಿಕ್ಕೆ, ಮೀನಿಗೆ ಚಿಟಿಕೆ ಊಟ ಉದುರಿಸಲಿಕ್ಕೆ ಮಾತ್ರ. ಬಂದಾಗಲೆಲ್ಲ ಮೀನುಗಳ ಮುಖದ ಕೆಂಪು ಇಷ್ಟಿಷ್ಟೇ ಇಳಿಯುತ್ತಿದ್ದುದನ್ನು ಕಂಡೆ. ಅವಳು ಹೋದ ದಿನ ಹದಿನಾಲ್ಕೂ ಹಾಳೆಯಂತೆ ಬೆಳ್ಳಗಾಗಿದ್ದವು. ದೇವರು ತನ್ನ ತೀರ್ಮಾನಗಳನ್ನು ಸಣ್ಣ ಪ್ರಾಣಿಗಳ ಮೈಮೇಲೆ ಮೊದಲು ಬರೆಯುತ್ತಾನೆ ಎಂದು ಆಗ ನನ್ನ ಮನಸ್ಸಿಗೆ ಖಚಿತವಾಯಿತು. ಯಾರಿಗೂ ಹೇಳಲಿಲ್ಲ. ಮಗಳು ಬಂದು ಮನೆಯಲ್ಲಿ ಉಳಿದ ಮೇಲೆ ಬಣ್ಣ ಮರಳಿತು. ಅದನ್ನೂ ಅವನ ಕರುಣೆಯೆಂದೇ ತಿಳಿದು ಕೈಮುಗಿದೆ.

ಮಗಳು ಕನ್ನಡಕದಂಗಡಿಯಲ್ಲಿ ಗಾಜು ತಿಕ್ಕಿ ಕೂರಿಸುವ ಕೆಲಸದವಳು, ಆಗ ರಜೆಯ ಮೇಲಿದ್ದಳು. ಅಳಿಯ ಸರಕಿನ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಅವನು ದಡ ಮುಟ್ಟಲು ಇನ್ನೂ ಐದು ವಾರವಿತ್ತು. ಡಾಕ್ಟರಮ್ಮ ದಿನಕ್ಕೆ ಮೂರು ಲೀಟರ್ ನೀರು ಕುಡಿಯಲು ಹೇಳಿದ್ದರು. ಮಗಳು ಬೆಳಿಗ್ಗೆ ಎದ್ದವಳೇ ದೊಡ್ಡ ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತು, ಗುಟುಕು ಗುಟುಕಾಗಿ ಕುಡಿಯುತ್ತ ಮೀನು ಎಣಿಸುತ್ತಿದ್ದಳು.

"ಹದಿನಾಲ್ಕೂ ಕೆಂಪಗಿವೆ ಅಪ್ಪ. ಅಮ್ಮ ಡ್ಯೂಟಿ ಮೇಲಿದ್ದಾಳೆ."

"ಆಕೆಗೆ ಅಲ್ಲೂ ರಜೆ ಇಲ್ಲ ಅನ್ನು."

"ರಜೆ ಕೊಟ್ರೆ ನಿನ್ನನ್ನ ಬೈಯೋರು ಯಾರು?"

ಹೀಗೆ ದಿನ ಹಗುರವಾಗಿ ಶುರುವಾಗುತ್ತಿತ್ತು. ಆ ಹಗುರಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಮಾಡಿದೆ.

ನಮ್ಮದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಅದನ್ನು ನೋಡಿಕೊಳ್ಳುವವನ ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಗಲಗಲ ಎನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ತಾರಸಿಯ ನೀರಿನ ಟ್ಯಾಂಕು ಸೋರುತ್ತದೆಂದು ಒಂದು ಸೋಮವಾರ ಅವನು ಅದನ್ನು ಬರಿದು ಮಾಡಿ, ಒಳಗೋಡೆಗೆಲ್ಲ ಏನೋ ಕಪ್ಪು ಬಣ್ಣ ಬಳಿದು, ಮಂಗಳವಾರ ಬೆಳಿಗ್ಗೆಯೇ ನೀರು ತುಂಬಿಸಿದ. "ಇನ್ನು ಹತ್ತು ವರ್ಷ ಒಂದು ತೊಟ್ಟೂ ಸೋರಲ್ಲ ಯಜಮಾನರೇ" ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ. ಒಂದೇ ದಿನದಲ್ಲಿ ಮುಗಿಸಿದೆಯಲ್ಲ ಎಂದು ನಾನು ಅವನ ಬೆನ್ನು ತಟ್ಟಿದೆ.

ಅಂದು ಮಧ್ಯಾಹ್ನ ಮಗಳು ಲೋಟವನ್ನು ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದಳು.

"ಅಪ್ಪ, ನೀರು ವಾಸನೆ ಬರ್ತಿದೆಯಲ್ಲ?"

ನಾನು ಕುಡಿದು ನೋಡಿದೆ. ನನಗೇನೂ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು ನಾನು. ಗೋಂದು, ಸ್ಪಿರಿಟ್ಟು, ವಾರ್ನಿಷುಗಳ ನಡುವೆ ಮೂಗು ಯಾವತ್ತೋ ಸತ್ತುಹೋಗಿತ್ತು. ಹಾಲು ಸೀದು ಪಾತ್ರೆ ಕರಕಾದರೂ ನನಗೆ ಹೊಗೆ ಕಂಡರೇ ಗೊತ್ತಾಗುವುದು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಮಗಳು ಅವಳನ್ನು ಕರೆದು ಕೇಳಿದಳು. ಹೊಲಿಗೆಯಾಕೆ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು ನಕ್ಕಳು.

"ಬಸುರಿ ಮೂಗು ಕಣೇ ಅದು. ನನ್ನ ಎರಡನೇದರಲ್ಲಿ ನನಗೆ ನನ್ನ ಗಂಡನೇ ನಾರ್ತಿದ್ದ. ನೀರು ಯಾವ ಲೆಕ್ಕ!"

"ನಿಮಗೆ ವಾಸನೆ ಬರ್ತಿಲ್ವಾ ಅಕ್ಕ?"

"ಹೊಸ ಬಣ್ಣ ಅಲ್ವಾ, ಚೂರು ಇರತ್ತೆ. ಕುದಿಸಿ ಕುಡಿ, ಹೋಗತ್ತೆ."

ಕುದಿಸಿ ಕೊಟ್ಟೆ. ಮಗಳು ಮೂಗು ಹಿಡಿದು ಕುಡಿದಳು. ಕೂಸಿಗಾಗಿ ಕುಡಿದಳು.

ಗುರುವಾರ ವಾರದ ನೀರು ಬದಲಿಸಿದೆ. ಶುಕ್ರವಾರ ಬೆಳಿಗ್ಗೆ ಮಗಳು ಏಳುವ ಮುಂಚೆ ತೊಟ್ಟಿಯ ದೀಪ ಹಾಕಿದಾಗ ನನ್ನ ಕೈ ಸ್ವಿಚ್ಚಿನ ಮೇಲೇ ನಿಂತಿತು. ಕೆಂಪು ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ, ಒಗೆದ ಬಟ್ಟೆಯ ಕಲೆಯ ಹಾಗೆ ಉಳಿದಿತ್ತು. ಒಟ್ಟಿಗೆ ತಿರುಗುತ್ತಿದ್ದವರು ಅಂದು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನಿಂತು, ಬಾಯನ್ನು ನೀರಿನ ಮೇಲಕ್ಕೆ ಎತ್ತಿ ಎತ್ತಿ ಇಳಿಸುತ್ತಿದ್ದರು.

ನಾನು ದೀಪ ಆರಿಸಿದೆ. ದೇವರ ಮುಂದೆ ಹೋಗಿ ಕುಳಿತೆ. ಈ ಸಲ ಯಾರು ಎಂದು ಕೇಳಿದೆ. ನನ್ನನ್ನಾದರೆ ಈ ಕ್ಷಣವೇ ಕರೆದುಕೋ, ಇನ್ನೊಬ್ಬರ ಕಡೆ ನೋಡಬೇಡ ಎಂದು ಬೇಡಿದೆ. ಹಿಂದೆ ಮಗಳ ಹೆಜ್ಜೆಯ ಸದ್ದಾಯಿತು. ಎದ್ದು ಹೋಗಿ ತೊಟ್ಟಿಗೆ ಅಡ್ಡ ನಿಂತೆ.

"ದೀಪ ಯಾಕೆ ಹಾಕಿಲ್ಲ?"

"ಪಾಚಿ ಕಟ್ಟುತ್ತಿದೆ ಪುಟ್ಟಿ. ಎರಡು ದಿನ ಕತ್ತಲಲ್ಲಿಡೋಣ."

ಅವಳು ಹಣೆ ಒತ್ತಿಕೊಂಡಳು. "ತಲೆ ಸಿಡೀತಿದೆ" ಎಂದಳು. ಮೀನು ಬಿಳಿಚಿದ ದಿನವೇ ತಲೆನೋವು ಶುರುವಾಗಿತ್ತು. ನನ್ನ ಪಾಲಿಗೆ ದೇವರ ಬರಹ ಪೂರ್ತಿಯಾಗಿತ್ತು.

ಶನಿವಾರ ಎರಡು ಮೀನು ಸತ್ತು ತೇಲಿದವು. ಹಳೆಯ ಲಕೋಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಮಗಳು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಮೀನಿನಂಗಡಿಗೆ ಹೋದೆ. ಅಂಗಡಿ ನಡೆಸುವವಳು ತೋಳು ಮೊಣಕೈವರೆಗೂ ಒದ್ದೆಯಾಗಿರುವ, ಬಾಯಿ ಜೋರಿನ ಹೆಂಗಸು. ಎರಡು ಕೆಂಪುಮೂತಿ ತಂದೆ. ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ನೀರು ಬೆರೆಸಿ, ಹುಷಾರಾಗಿ ಒಳಗೆ ಬಿಟ್ಟೆ. ಮಗಳು ಎದ್ದಾಗ ಲೆಕ್ಕ ಹದಿನಾಲ್ಕಿತ್ತು. ಸೋಮವಾರ ಮೂರು ಸತ್ತವು, ಮೂರು ತಂದೆ. ಬುಧವಾರ ನಾಲ್ಕು.

"ತಾತ, ಒಂದು ಮಾತು ಕೇಳಲಾ?" ಎಂದಳು ಅಂಗಡಿಯವಳು, ಬಲೆಯನ್ನು ನೀರಿನಲ್ಲೇ ತಡೆದು. "ನೀವು ಇವನ್ನ ಸಾಕ್ತಿದ್ದೀರೋ, ಹುರ್ಕೊಂಡು ತಿಂತಿದ್ದೀರೋ?"

ನಾನು ದುಡ್ಡು ಎಣಿಸಿ ಮುಂದೆ ಚಾಚಿದೆ.

"ನಿಮ್ಮ ತೊಟ್ಟಿ ನೀರು ಒಂದು ಬಾಟಲಿ ತನ್ನಿ. ನೋಡ್ತೀನಿ. ನೀರಲ್ಲೇ ಏನೋ ದೋಷ ಇದೆ."

"ನೀರಿನದಲ್ಲ ತಾಯಿ. ಇದು ಬೇರೆ."

"ಬೇರೆ ಅಂದ್ರೆ?"

"ನಿನಗೆ ಹೇಳಿದರೆ ತಿಳಿಯೋದಲ್ಲ."

"ಹೌದು ಬಿಡಿ. ಇಪ್ಪತ್ತು ವರ್ಷದಿಂದ ಮೀನು ಮಾರ್ತಾ ಇರೋಳು, ನನಗೆ ಏನು ತಿಳಿಯತ್ತೆ!" ಎಂದು ಚೀಲಕ್ಕೆ ಗಂಟು ಹಾಕಿ ನನ್ನ ಕೈಗೆ ತುರುಕಿದಳು.

ಹೊಸ ಮೀನುಗಳೂ ಒಂದೇ ದಿನದಲ್ಲಿ ಬಿಳಿಚುತ್ತಿದ್ದವು. ನೀರು ಶುದ್ಧವಾಗಿರಲೆಂದು ವಾರಕ್ಕೊಮ್ಮೆ ಮಾಡುವ ಬದಲಾವಣೆಯನ್ನು ದಿನವೂ ಮಾಡತೊಡಗಿದೆ. ಮೀನು ಸತ್ತಷ್ಟೂ ಹೆಚ್ಚು ನೀರು ಬದಲಿಸಿದೆ, ಹೆಚ್ಚು ಬದಲಿಸಿದಷ್ಟೂ ಮೀನು ಸತ್ತವು. ಎಣಿಕೆಯನ್ನು ಸರಿ ಮಾಡಬಹುದಿತ್ತು, ಬಣ್ಣವನ್ನು ಮಾಡುವಂತಿರಲಿಲ್ಲ. ಪಾಚಿಯ ನೆವ ಹೇಳಿ ದೀಪವನ್ನು ಇನ್ನೆಷ್ಟು ದಿನ ಆರಿಸಿಡುವುದು? ಕೊನೆಗೆ ನನ್ನ ಹಳೆಯ ಕಸುಬು ನೆನಪಾಯಿತು. ಪೆಟ್ಟಿಗೆಯಲ್ಲಿ ಪುಸ್ತಕದ ಹೊದಿಕೆಗೆಂದು ಉಳಿಸಿಕೊಂಡಿದ್ದ ಪಾರದರ್ಶಕ ಕಾಗದಗಳಿದ್ದವು. ಅವುಗಳಲ್ಲಿ ತೆಳು ಕೆಂಪಿನದೊಂದು ಹಾಳೆಯನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಗೋಂದು ಹಚ್ಚಿ, ತೊಟ್ಟಿಯ ದೀಪದ ಕೆಳಗೆ ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದೆ. ದೀಪ ಹಾಕಿದೆ. ಹದಿನಾಲ್ಕು ಮುಖಗಳೂ ಕೆಂಪಾದವು. ಮೈಯೂ ಸ್ವಲ್ಪ ಕೆಂಪಾಯಿತು, ಆದರೆ ಅದನ್ನು ಯಾರು ನೋಡುತ್ತಾರೆ? ನನ್ನ ಕೈಚಳಕ ಇನ್ನೂ ಹೋಗಿಲ್ಲವೆಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ದೇವರು ಬರೆದದ್ದರ ಮೇಲೆ ಕಾಗದ ಅಂಟಿಸಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಆದರೂ ಕೀಳಲಿಲ್ಲ.

ಮಗಳು ಲೋಟ ಹಿಡಿದು ಬಂದು ತೊಟ್ಟಿಯ ಮುಂದೆ ನಿಂತಳು. ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು.

"ಕೆಂಪಗಿವೆ ಅಪ್ಪ" ಎಂದಳು. ಅಮ್ಮನ ಡ್ಯೂಟಿಯ ಮಾತು ಬರಲಿಲ್ಲ. ಲೋಟ ಖಾಲಿ ಮಾಡಿ ಬಚ್ಚಲಿಗೆ ಹೋದಳು. ಅಲ್ಲಿಂದ ಅವಳು ವಾಂತಿ ಮಾಡುವ ಸದ್ದು ಕೇಳಿಸಿತು.

"ಊಟ ಒಗ್ಗಿಲ್ಲ ಅಷ್ಟೇ" ಎಂದಳು ಹೊರಗೆ ಬಂದು.

"ಕೂಸು ಆಡ್ತಿದೆಯಾ ಪುಟ್ಟಿ?"

"ಫುಟ್‌ಬಾಲ್ ಆಡ್ತಿದೆ. ನಿನ್ನ ಮೊಮ್ಮಗು ಅಲ್ವಾ, ಸುಮ್ಮನೆ ಕೂರತ್ತಾ?"

ಮಂಗಳವಾರ, ಅಂದರೆ ಮೀನು ಬಿಳಿಚಿದ್ದನ್ನು ಕಂಡ ಹನ್ನೊಂದು ದಿನಗಳ ಮೇಲೆ, ಬೆಳಿಗ್ಗೆ ಆರು ಮೀನು ಒಟ್ಟಿಗೆ ಸತ್ತಿದ್ದವು. ಆರನ್ನು ಒಮ್ಮೆಗೇ ಕೇಳಿದರೆ ಅಂಗಡಿಯವಳು ಕೊಡುವುದಿಲ್ಲ, ಬಾಟಲಿಯ ಮಾತೆತ್ತುತ್ತಾಳೆ ಎಂದು ತಿಳಿದಿತ್ತು. ಅವಳ ಬಾಯಿ ಮುಚ್ಚಿಸಲೆಂದೇ ಎರಡು ಬಾಟಲಿ ತುಂಬಿಕೊಂಡೆ. ಒಂದರಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ಅಂದಿನ ಬದಲಾವಣೆಗೆಂದು ಹಿಂದಿನ ದಿನದಿಂದ ಬಕೆಟ್ಟಿನಲ್ಲಿ ತೆರೆದಿಟ್ಟಿದ್ದ ನೀರು.

ಅವಳು ತೊಟ್ಟಿಯ ನೀರನ್ನು ಕೊಳವೆಗೆ ಸುರಿದು, ಹನಿ ಔಷಧಿ ಬಿಟ್ಟು ಬಣ್ಣ ನೋಡಿದಳು. "ಇದರಲ್ಲಿ ಕೊಳೆ ಏನೂ ಇಲ್ಲ. ಚೆನ್ನಾಗೇ ನೋಡ್ಕೊಂಡಿದ್ದೀರಿ" ಎಂದು ಗೊಣಗಿದಳು. ಇನ್ನೊಂದರ ಮುಚ್ಚಳ ತೆಗೆದವಳು ತಲೆ ಹಿಂದಕ್ಕೆಳೆದುಕೊಂಡಳು.

"ಇದೇನು ತಾತ, ಪೇಂಟ್ ಡಬ್ಬಿ ತೊಳೆದ ನೀರಾ?"

"ನಲ್ಲಿ ನೀರು. ನಿನ್ನೆಯಿಂದ ತೆರೆದಿಟ್ಟಿದ್ದು."

"ಯಾವ ನಲ್ಲಿ?"

"ನಮ್ಮ ಮನೆಯದು. ನಾವು ಕುಡಿಯೋದು."

ಅವಳ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. "ಒಂದು ದಿನ ತೆರೆದಿಟ್ಟ ಮೇಲೂ ಇಷ್ಟು ವಾಸನೆ! ನಿಮಗೆ ಬರಲ್ವಾ?"

ನಾನು ತಲೆಯಾಡಿಸಿದೆ. ಟ್ಯಾಂಕಿನ ಬಣ್ಣದ ಸಂಗತಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ದೂರದಿಂದ ಕೇಳಿದಂತಾಯಿತು. ಹೆಂಡತಿಯ ಕೊನೆಯ ಹದಿನಾರು ದಿನಗಳ ಬಗ್ಗೆಯೂ ಹೇಳಿದೆ. ಅದು ದೇವರ ಬರಹವಲ್ಲವೇ ಎಂದು ಕೇಳಿದೆ.

"ಆ ಹದಿನಾರು ದಿನ ನೀರು ಬದಲಿಸಿದ್ದು ಯಾರು ತಾತ?"

ಯಾರೂ ಇಲ್ಲ ಎಂದೆ. ಮಗಳು ಬಂದ ಮೇಲೆಯೇ ಮತ್ತೆ ಬದಲಿಸತೊಡಗಿದ್ದೆವು.

"ಅಷ್ಟೇ. ಈ ಮೀನಿಗೆ ನಿಮ್ಮ ಮನೆಯ ಸಾವು ಬದುಕು ಗೊತ್ತಿಲ್ಲ. ಅದಕ್ಕೆ ನೀರು ಗೊತ್ತು. ನೀರು ಕೆಟ್ಟರೆ ಎಲ್ಲರಿಗಿಂತ ಮೊದಲು ಹೇಳತ್ತೆ." ಕೈಯಲ್ಲಿದ್ದ ಬಾಟಲಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು. "ಮನೇಲಿ ಯಾರಿದ್ದಾರೆ?"

ಹೇಳಿದೆ. ಅವಳು ಒದ್ದೆ ಕೈಯಿಂದಲೇ ನನ್ನ ತೋಳು ಹಿಡಿದು ಬಾಗಿಲ ಕಡೆ ನೂಕಿದಳು. "ನಿಂತಿದ್ದೀರಲ್ಲ! ನಡೀರಿ!"

ಬೀದಿಯಲ್ಲಿ ನಡೆದದ್ದು ನನಗೆ ನೆನಪಿಲ್ಲ. ಮೆಟ್ಟಿಲಲ್ಲಿ ಸಿಕ್ಕ ಬೀಗದಣ್ಣನಿಗೆ ಟ್ಯಾಂಕು ಮುಚ್ಚು, ಆ ನೀರು ಯಾರೂ ಮುಟ್ಟಬಾರದು ಎಂದೆ. ಎದುರು ಬಾಗಿಲು ಬಡಿದು ಹೊಲಿಗೆಯಾಕೆಗೂ ಹೇಳಿದೆ. ಅವಳು ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದಳು. "ಅದಕ್ಕೇನಾ ನಮ್ಮ ಮನೇಲಿ ಎಲ್ಲರಿಗೂ ತಲೆನೋವು?" ಎಂದು ತುಂಬಿಟ್ಟ ಕೊಡ ಚೆಲ್ಲಲು ಒಳಗೆ ಓಡಿದಳು.

ಮಗಳು ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ಲೋಟವಿತ್ತು. ಕಿತ್ತುಕೊಂಡು ಸುರಿದೆ.

"ಮೀನು ಸಾಯ್ತಿವೆ ಪುಟ್ಟಿ. ಹತ್ತು ದಿನದಿಂದ. ನಾನು ಹೊಸದು ತಂದು ತಂದು ಬಿಡ್ತಿದ್ದೆ. ದೋಷ ನೀರಿನದು. ನೀನು ಹೇಳಿದ ವಾಸನೆ ನಿಜ. ನಿನ್ನ ಮೂಗಿನದಲ್ಲ."

ಅವಳು ನನ್ನನ್ನೇ ನೋಡಿದಳು. "ದೀಪಕ್ಕೆ ಕಾಗದ ಅಂಟಿಸಿದ್ದು ಗೊತ್ತಿತ್ತು. ಎಂಟು ವರ್ಷ ಗಾಜಿನ ಕೆಲಸ ಮಾಡಿದೀನಿ ಅಪ್ಪ, ಬಣ್ಣದ ಬೆಳಕು ತಿಳಿಯಲ್ವಾ?"

"ಮತ್ತೆ ಕೇಳಲಿಲ್ಲ ಯಾಕೆ?"

"ನಿನಗೆ ಹಾಗೆ ನೋಡ್ಬೇಕು ಅನ್ನಿಸಿದೆ, ಇರ್ಲಿ ಅಂದ್ಕೊಂಡೆ."

ಆಸ್ಪತ್ರೆಯಲ್ಲಿ ಅವಳನ್ನು ಒಂದು ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ಪಟ್ಟಿ ಕಟ್ಟಿ, ಪಕ್ಕದ ಯಂತ್ರಕ್ಕೆ ಜೋಡಿಸಿದರು. ಕೈಯಿಂದ ರಕ್ತ ತೆಗೆದರು. ಯಂತ್ರದಿಂದ ಕುದುರೆ ಓಡಿದಂಥ ಸದ್ದು ಬರುತ್ತಿತ್ತು. ಓಡಿ ಓಡಿ ಆ ಕುದುರೆ ಕೆಲವೊಮ್ಮೆ ನಡೆಯುತ್ತಿತ್ತು. ಡಾಕ್ಟರಮ್ಮ ಸದ್ದನ್ನು ಕೇಳುತ್ತ ಮಗಳನ್ನು ಪ್ರಶ್ನಿಸಿದರು.

"ಮಗು ಒದೀತಿದೆಯಾ?"

"ಹೂಂ ಡಾಕ್ಟರೇ. ಚೆನ್ನಾಗಿ ಒದೀತಿದೆ."

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಉದ್ದನೆಯ ಓಣಿ. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಯಾರೋ ಗಂಡಸು ತಲೆ ಕೆಳಗೆ ಹಾಕಿ ಕುಳಿತಿದ್ದ.

"ಎದೆಬಡಿತ ನಡುನಡುವೆ ಇಳೀತಿದೆ. ತಾಯಿಯ ರಕ್ತದ ರಿಪೋರ್ಟ್ ಬರೋಕೆ ಎರಡು ಗಂಟೆ. ಅಲ್ಲಿವರೆಗೆ ನೋಡೋಣ. ಒದೀತಿದೆ ಅಂತಾರಲ್ಲ, ಅದೊಂದು ಧೈರ್ಯ. ಈಗಲೇ ಅವರಿಗೆ ಏನೂ ಹೇಳ್ಬೇಡಿ. ಗಾಬರಿಯಾದ್ರೆ ಒಳ್ಳೇದಲ್ಲ."

"ಆಗಲಿ ಅಮ್ಮಾ" ಎಂದೆ. ಅವರು ಓಣಿಯ ಕೊನೆಯ ಕೋಣೆಗೆ ಹೋದರು.

ನಾನು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತೆ. ಮುಖವನ್ನು ಅಂಗೈಯಿಂದ ಒರೆಸಿಕೊಂಡೆ, ನಗುವಿನ ಹಾಗೆ ಏನನ್ನೋ ತುಟಿಯ ಮೇಲೆ ತಂದುಕೊಂಡೆ. ಒಳಗೆ ಹೋದೆ. ಮಗಳೂ ನನ್ನನ್ನು ಕಂಡ ಕೂಡಲೇ ಅಂಥದೇ ಒಂದು ನಗುವನ್ನು ಮುಖಕ್ಕೆ ತಂದುಕೊಂಡಳು. ಅದು ಅವಳ ತಾಯಿಯ ನಗು. ಒಂದು ವರ್ಷ ಗಂಟನ್ನು ಸೆರಗಿನಡಿ ಇಟ್ಟುಕೊಂಡು ನನ್ನಾಕೆ ನಕ್ಕ ನಗು. ನನಗೆ ಅದನ್ನು ನೋಡಲಾಗಲಿಲ್ಲ. ಮಂಚದ ಅಂಚಿನಲ್ಲಿ ಕುಳಿತೆ.

"ಡಾಕ್ಟರು ನಿನಗೆ ಹೇಳಬೇಡಿ ಅಂದರು. ನಾನು ಹೇಳ್ತೀನಿ. ಕೂಸಿನ ಎದೆಬಡಿತ ಇಳೀತಿದೆಯಂತೆ. ಎರಡು ಗಂಟೆ ನೋಡೋಣ ಅಂದಿದ್ದಾರೆ. ನೀನು ಒದೀತಿದೆ ಅಂದಿದ್ದೇ ಅವರಿಗೆ ಧೈರ್ಯವಂತೆ."

ಮಗಳ ಮುಖದ ನಗು ಒಡೆಯಿತು. ಯಂತ್ರದ ಸದ್ದು ಓಡಿತು, ನಿಧಾನವಾಯಿತು, ಮತ್ತೆ ಓಡಿತು.

"ಒದೀತಿಲ್ಲ ಅಪ್ಪ."

"ಏನಂದೆ?"

"ನಿನ್ನೆ ಸಂಜೆಯಿಂದ ಒದ್ದಿಲ್ಲ. ನೀನು ಹೆದರ್ತೀಯ ಅಂತ ಹೇಳಲಿಲ್ಲ. ಈಗ ನೀನು ಇಲ್ಲೇ ನಿಂತಿದ್ದೆಯಲ್ಲ, ಅದಕ್ಕೇ ಡಾಕ್ಟರಿಗೂ..."

ಪೂರ್ತಿ ಕೇಳಲು ನಾನು ನಿಲ್ಲಲಿಲ್ಲ. ಓಣಿಯಲ್ಲಿ ಓಡಿದೆ. ದೇವರ ಮುಂದೆಯೂ ನಾನು ಎಂದೂ ದನಿ ಎತ್ತಿದವನಲ್ಲ. ಅಂದು ಗೋಡೆಗಳು ಕೇಳುವ ಹಾಗೆ ಕೂಗಿದೆ. "ಅಮ್ಮಾ, ಕೂಸು ಒದೀತಿಲ್ಲ! ನಿನ್ನೆಯಿಂದ ಒದ್ದಿಲ್ಲ! ಅವಳು ಸುಳ್ಳು ಹೇಳಿದಳು ಅಮ್ಮಾ!"

ಡಾಕ್ಟರಮ್ಮ ಕೋಣೆಯಿಂದ ಹೊರಗೆ ಬಂದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಓಡಿದರು. ವೈದ್ಯರು ಓಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಐದು ನಿಮಿಷದೊಳಗೆ ಮಂಚವನ್ನು ಚಕ್ರಗಳ ಮೇಲೆ ತಳ್ಳಿಕೊಂಡು ಹೊರಗೆ ತಂದರು. ನರ್ಸುಗಳ ನಡುವಿನಿಂದ ಮಗಳ ಕೈ ಚಾಚಿ ನನ್ನ ಅಂಗಿ ಹಿಡಿಯಿತು.

"ಅಪ್ಪ, ಅವರಿಗೆ ಫೋನ್ ಮಾಡು. ಎಲ್ಲಾ ಹೇಳು. ಏನೂ ಬಿಡಬೇಡ."

ಆಪರೇಷನ್ ಕೋಣೆಯ ಎರಡು ಕದದ ಬಾಗಿಲು ಅವಳನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ಒಳಗಿನ ಸದ್ದು ಯಾವುದೂ ಹೊರಗೆ ಬರುತ್ತಿರಲಿಲ್ಲ. ಬೆಂಚಿನ ಮೇಲಿದ್ದ ಗಂಡಸು ಸರಿದು ನನಗೆ ಜಾಗ ಮಾಡಿಕೊಟ್ಟ. ನಾನು ಕೂರದೆ ಗೋಡೆ ಹಿಡಿದು ನಿಂತು ಹಡಗಿನ ನಂಬರು ಒತ್ತಿದೆ. ಬಹಳ ಹೊತ್ತು ಗಾಳಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಎಂಜಿನ್ನಿನ ಗದ್ದಲದ ನಡುವೆ ಅಳಿಯನ ದನಿ, ಸಂತೋಷದ ದನಿ.

"ಹೇಳಿ ಮಾವ! ಎಲ್ಲಾ ಚೆನ್ನಾಗಿದ್ದೀರಾ?"

"ಇಲ್ಲ" ಎಂದೆ.